ಪೂರ್ವಸಿದ್ಧತೆಯ ರಾಯರು

ಬೆಂಗಳೂರಿನಲ್ಲಿ ಸ್ವಂತ ಸರ್ವರ್ ರೂಮ್ ಇಟ್ಟುಕೊಂಡ ಕಂಪನಿಗಳಲ್ಲೆಲ್ಲ ಒಬ್ಬರು ರಾಯರು ಇದ್ದೇ ಇರುತ್ತಾರೆ. ಸಂಬಳದ ಪಟ್ಟಿಯಲ್ಲಿ ಅವರು ಬಸಪ್ಪ ಇರಬಹುದು, ಜೋಸೆಫ್ ಇರಬಹುದು; ಗುಣದಿಂದ ರಾಯರು. ಐವತ್ತು ದಾಟಿದ ವಯಸ್ಸು, ಜೇಬಿನಲ್ಲೊಂದು ಸಣ್ಣ ಟಾರ್ಚು, ಸೊಂಟದಲ್ಲಿ ಬೀಗದಕೈ ಗೊಂಚಲು, ಟೆರಿಕಾಟ್ ಶರ್ಟು ತೊಟ್ಟವರನ್ನು ಕಂಡರೆ ಹುಬ್ಬುಗಂಟು. ಇವರ ಕೆಲಸ ಸರ್ವರ್ ರಿಪೇರಿ ಎಂದು ಜನ ತಿಳಿದಿದ್ದಾರೆ. ತಪ್ಪು. ಇವರ ಕೆಲಸ ರಿಪೇರಿಗೆ ಸಿದ್ಧತೆ. ರಿಪೇರಿ ಆಮೇಲೆ ಹೇಗೋ ಆಗುತ್ತದೆ.

ಪ್ರೊಸೆಸರ್ ಬದಲಿಸುವುದನ್ನೇ ನೋಡಿ. ಹೀಟ್‌ಸಿಂಕಿನ ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯದನ್ನೆತ್ತಿ, ಹೊಸದನ್ನಿಟ್ಟು ಮತ್ತೆ ಬಿಗಿಯುವುದು. ಕೈ ಪಳಗಿದವರಿಗೆ ಕಾಲು ಗಂಟೆಯ ಕೆಲಸ. ರಾಯರಿಗೆ ಶನಿವಾರದ ರಾತ್ರಿ ಪೂರ್ತಿ ಬೇಕು, ಅದಕ್ಕೂ ಮುಂಚೆ ಒಂದು ವಾರದ ವಿಚಾರಣೆ ಬೇಕು.

ನಾನು ಡೇಟಾಬೇಸ್ ನೋಡಿಕೊಳ್ಳುವವನು. ಅದು ಯಾವುದೋ ಪೆಟ್ಟಿಗೆಯೊಳಗೆ ಓಡುತ್ತದೆಂದು ಕೇಳಿ ಬಲ್ಲೆ, ಕಣ್ಣಾರೆ ಕಂಡವನಲ್ಲ. ಆ ಪೆಟ್ಟಿಗೆಯೊಳಗಿನ ಎರಡು ಇಂಟೆಲ್ ಕ್ಸಿಯಾನ್‌ಗಳನ್ನು, 2017ರಲ್ಲಿ ಬಂದ ಮಾದರಿಯವು, ತೆಗೆದು 2019ರ ಮಾದರಿಯವನ್ನು ಕೂರಿಸುವುದೆಂದು ತೀರ್ಮಾನವಾದ ದಿನ ನಾನು ರಾಯರ ಕೈಗೆ ಸಿಕ್ಕಿಬಿದ್ದೆ.

"ಬ್ಯಾಕಪ್ ಆಗಿದೆಯಾ?"

"ಆಗಿದೆ ಸಾರ್."

"ರಿಸ್ಟೋರ್ ಮಾಡಿ ನೋಡಿದೀರಾ?"

ನೋಡಿರಲಿಲ್ಲ. ಭೂಮಿಯ ಮೇಲೆ ಯಾರು ನೋಡಿರುತ್ತಾರೆ?

"ಹಾಗಾದ್ರೆ ಆಗಿದೆ ಅನ್ನಬೇಡಿ ಸ್ವಾಮಿ. ಆಗಿರಬಹುದು ಅನ್ನಿ."

ಮರುದಿನ ಬಯಾಸ್ ಪುರಾಣ. ಎರಡು ಮಾದರಿಗೂ ಸಾಕೆಟ್ ಒಂದೇ, ಆದರೆ ಹಳೆಯ ಬಯಾಸಿಗೆ ಹೊಸ ಪ್ರೊಸೆಸರಿನ ಗುರುತು ಸಿಗುವುದಿಲ್ಲ. ಹಳೆಯದು ಜೀವಂತ ಇರುವಾಗಲೇ ಬಯಾಸನ್ನು ಮೇಲ್ದರ್ಜೆಗೇರಿಸಬೇಕು; ಕಿತ್ತ ಮೇಲೆ ನೆನಪಾದರೆ ಹಳೆಯದನ್ನೇ ಮತ್ತೆ ಕೂರಿಸಿ, ಮೊದಲಿನಿಂದ ಶುರು ಮಾಡಬೇಕು. ಇದನ್ನು ರಾಯರು ನನಗೆ ಲಿಫ್ಟಿನಲ್ಲಿ ಹೇಳಿದರು, ಕ್ಯಾಂಟೀನಿನಲ್ಲಿ ಹೇಳಿದರು, ಶೌಚಾಲಯದಲ್ಲಿ ಪಕ್ಕದಲ್ಲಿ ನಿಂತು ಹೇಳಿದರು.

ಆದರೆ ಇವೆಲ್ಲ ಸಹಿಸಬಹುದಾದ ಕಷ್ಟಗಳು. ನನ್ನನ್ನು ಸುಸ್ತು ಮಾಡಿದ್ದು ನೀಲಿ ದೀಪ.

ರ‍್ಯಾಕಿನಲ್ಲಿ ಸರ್ವರ್‌ಗಳು ಒಂದರ ಮೇಲೊಂದು ತಾಗಿಕೊಂಡಿರುತ್ತವೆ. ಹಿಂದಿನಿಂದ ನೋಡಿದರೆ ಎಲ್ಲದಕ್ಕೂ ಒಂದೇ ಮುಖ, ಒಂದೇ ಬಗೆಯ ಕೇಬಲ್. ಯಾವುದನ್ನು ಬಿಚ್ಚಬೇಕೆಂದು ಗೊತ್ತಾಗಲಿ ಅಂತ ಪ್ರತಿಯೊಂದಕ್ಕೂ ಮುಂದೊಂದು ಗುಂಡಿ ಇದೆ. ಒತ್ತಿದರೆ ಮುಂದೆಯೂ ಹಿಂದೆಯೂ ನೀಲಿ ದೀಪ ಮಿನುಗುತ್ತದೆ. ರಾಯರು ಮುಂದೆ, ತಣ್ಣನೆ ಗಾಳಿ ಬೀಸುವ ಓಣಿಯಲ್ಲಿ. ನಾನು ಹಿಂದೆ, ಅಷ್ಟೂ ಸರ್ವರ್‌ಗಳು ಬಿಸಿಯುಸಿರು ಬಿಡುವ ಓಣಿಯಲ್ಲಿ. ಫ್ಯಾನುಗಳ ಅಬ್ಬರದಲ್ಲಿ ಕೂಗಿದ್ದು ಕೇಳದು. ಆರು ಅಡಿ ಅಂತರದಲ್ಲಿ ಫೋನು ಹಚ್ಚಿಕೊಂಡು ಮಾತು.

"ಮಿನುಗ್ತಾ ಇದೆಯಾ?"

"ಇದೆ ಸಾರ್."

"ಎಷ್ಟು?"

ಎಷ್ಟು ಎಂದರೇನು ಎಂದು ಬಾಯಿ ತೆರೆದವನು ಇನ್ನೊಮ್ಮೆ ನೋಡಿದೆ. ಎರಡಿದ್ದವು. ನಮ್ಮದರ ಕೆಳಗಿನ ಸರ್ವರಿನಲ್ಲೂ ದೀಪ ಮಿನುಗುತ್ತಿತ್ತು. ಹಿಂದೊಮ್ಮೆ ಡಿಸ್ಕ್ ಬದಲಿಸಿ ಹೋದ ಯಾವನೋ ಹುಡುಗ ಆರಿಸದೆ ಹೋಗಿದ್ದ. ಆ ಕೆಳಗಿನ ಪೆಟ್ಟಿಗೆಯಲ್ಲಿ ಆ ರಾತ್ರಿ ನಮ್ಮೆಲ್ಲರ ಸಂಬಳದ ಲೆಕ್ಕ ನಡೆಯುತ್ತಿತ್ತು.

ರಾಯರು ಗೆದ್ದರು. ಗೆದ್ದವರು ಸುಮ್ಮನಿರುತ್ತಾರೆಯೇ? ಎಲ್ಲ ದೀಪ ಆರಿಸಿದರು. ನಮ್ಮದನ್ನು ಹಚ್ಚಿದರು. "ಬಂತಾ?" ಆರಿಸಿದರು. "ಹೋಯ್ತಾ?" ಮತ್ತೆ ಹಚ್ಚಿದರು. ಅಷ್ಟಕ್ಕೂ ತೃಪ್ತಿಯಾಗದೆ ಸೀರಿಯಲ್ ನಂಬರನ್ನು ಅಕ್ಷರ ಅಕ್ಷರ ಓದಿಸಿದರು. "ಡಿ" ಎಂದೆ. "ಯಾವ ಡಿ? ಊರು ಹೇಳ್ರೀ!" ದಾವಣಗೆರೆಯ ಡಿ, ಮಂಡ್ಯದ ಎಂ, ಬಳ್ಳಾರಿಯ ಬಿ ಎಂದು ನಡುರಾತ್ರಿ ಬೆವರು ಸುರಿಸುತ್ತ ರಾಜ್ಯ ಪ್ರವಾಸ ಮುಗಿಸಿದೆ. ಆಮೇಲಷ್ಟೇ ಕರೆಂಟಿನ ವೈರು ಕೀಳಲು ಅಪ್ಪಣೆ. ಅದೂ ಎರಡೂ ವೈರು. ಒಂದು ಕಿತ್ತರೆ ಇನ್ನೊಂದರಲ್ಲಿ ಬದುಕುವಂತೆಯೇ ಇವನ್ನು ಕಟ್ಟಿರುತ್ತಾರೆ. ಶಟ್‌ಡೌನ್ ಮಾಡಿದ ಮೇಲೂ ವೈರು ಚುಚ್ಚಿರುವ ತನಕ ಒಳಗೆ ಕರೆಂಟು ಹರಿದಾಡುತ್ತಲೇ ಇರುತ್ತದೆ. ಎರಡನ್ನೂ ಕಿತ್ತ ಮೇಲೆ ರಾಯರು ಪವರ್ ಬಟನ್ ಒತ್ತಿ ಹಿಡಿದು ನಿಂತರು. ಹುಚ್ಚೇ ಎಂಬಂತೆ ನೋಡಿದೆ. "ಒಳಗೆ ಉಳಿದಿರೋದು ಖಾಲಿ ಆಗಬೇಕಲ್ಲ" ಎಂದರು.

ಬೆವರಿ ಬಂದವನು ತಣ್ಣನೆ ಓಣಿಗೆ ಕಾಲಿಟ್ಟು ಸ್ವೆಟರ್ ಹಾಕಿಕೊಂಡೆ. "ಬಿಚ್ಚಿ!" ಎಂಬ ಗರ್ಜನೆ ಬಂತು. ಸಿಂಥೆಟಿಕ್ ಉಣ್ಣೆ, ಜನವರಿಯ ಒಣಹವೆ. ಮೈಯಲ್ಲಿ ಸುಮಾರು 3,000 ವೋಲ್ಟ್ ಸ್ಥಾಯಿ ವಿದ್ಯುತ್ ಸೇರುವ ತನಕ ಮನುಷ್ಯನಿಗೆ ಚುರುಕ್ಕೆನ್ನುವುದಿಲ್ಲವಂತೆ. ಚಿಪ್ಪಿಗೆ ನೂರು ವೋಲ್ಟಿನೊಳಗೇ ಪ್ರಾಣ ಹೋಗಬಹುದು. ಮಡಿಯಲ್ಲಿರುವ ಅಜ್ಜಿಯ ಹತ್ತಿರ ಮೊಮ್ಮಕ್ಕಳು ಸುಳಿಯುವ ಹಾಗಿಲ್ಲ, ರಾಯರ ಮೇಜಿನ ಹತ್ತಿರ ಸ್ವೆಟರ್ ಸುಳಿಯುವ ಹಾಗಿಲ್ಲ. ಅವರು ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ನನಗೂ ಒಂದು ಕಟ್ಟಿದರು. "ಇದರೊಳಗೆ ಹತ್ತು ಲಕ್ಷ ಓಮಿನ ರೆಸಿಸ್ಟರ್ ಇದೆ ಸ್ವಾಮಿ. ಸ್ಥಾಯಿ ವಿದ್ಯುತ್ ಮೆಲ್ಲಗೆ ಇಳಿದುಹೋಗುತ್ತೆ. ಅಪ್ಪಿತಪ್ಪಿ ಕರೆಂಟಿಗೆ ಕೈ ತಾಗಿದ್ರೂ ನೀವು ಉಳೀತೀರಿ." ಮೊದಲ ಸಲ ನನ್ನ ಜೀವದ ಬಗ್ಗೆ ಕಾಳಜಿ ಕಂಡು ಕಣ್ಣು ತುಂಬಿತು. ಚಳಿಯೂ ಇತ್ತೆನ್ನಿ.

ಮುಚ್ಚಳ ತೆಗೆದ ಮೇಲೂ ಕಾಯಬೇಕು, ಹೀಟ್‌ಸಿಂಕ್ ಆರಲಿ ಅಂತ. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಕೊನೆಗೆ ಟಿ-30 ಸ್ಕ್ರೂಡ್ರೈವರ್ ಹೊರಬಂತು, ಹೀಟ್‌ಸಿಂಕಿನ ಮೇಲೇ ಅಚ್ಚಾಗಿರುವ ಅಂಕೆಗಳ ಕ್ರಮದಲ್ಲಿ ಸ್ಕ್ರೂಗಳು ಸಡಿಲವಾದವು. ಪ್ರೊಸೆಸರ್ ಹೀಟ್‌ಸಿಂಕಿಗೇ ಅಂಟಿಕೊಂಡು ಎದ್ದು ಬಂತು. ಕೆಳಗೆ ಬರಿದಾದ ಸಾಕೆಟ್. 3,647 ಪಿನ್‌ಗಳು, ಸಾಕೆಟ್ಟಿನ ಹೆಸರಿನಲ್ಲೇ ಆ ಲೆಕ್ಕವಿದೆ. ಒಂದು ಬಾಗಿದರೂ ಮೆಮೊರಿಯ ಒಂದು ಭಾಗ ಮಾಯವಾಗಬಹುದು, ಅಥವಾ ಇಡೀ ಮದರ್‌ಬೋರ್ಡೇ ಬದಲಿಸಬೇಕಾಗಬಹುದು. ರಾಯರು ಉಸಿರು ಬಿಗಿಹಿಡಿದು ಟಾರ್ಚು ಬಿಟ್ಟರು. ಅಷ್ಟು ಹೊತ್ತೂ ವಟಗುಟ್ಟುತ್ತಿದ್ದ ಮನುಷ್ಯ ಆಗ ಒಂದು ಮಾತೂ ಆಡಲಿಲ್ಲ. ಕೈ ಒಂದಿಷ್ಟೂ ನಡುಗಲಿಲ್ಲ. ಎರಡೂ ಪ್ರೊಸೆಸರ್‌ಗಳನ್ನು ಅವರು ಕೂರಿಸಿದ್ದು ನಾನು ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತಿನಲ್ಲಿ. ಚಹಾ ಒಳಗೆ ತರಲು ಬಿಟ್ಟಿರಲಿಲ್ಲ, ಅದು ಬೇರೆ ಮಾತು.

ರಾಯರು ನಾಸ್ತಿಕರೆಂದು ಆಫೀಸಿನಲ್ಲಿ ಸುದ್ದಿ. ಆಯುಧಪೂಜೆಯ ದಿನ ಅರಿಶಿನ-ಕುಂಕುಮ, ಊದಿನಕಡ್ಡಿ ಹಿಡಿದು ಬಂದವರನ್ನು ಅವರು ಸರ್ವರ್ ರೂಮಿನ ಬಾಗಿಲಲ್ಲೇ ತಡೆಯುತ್ತಾರೆ. ಕುಂಕುಮವನ್ನು ಫ್ಯಾನುಗಳು ಒಳಗೆಳೆದುಕೊಳ್ಳುತ್ತವೆ, ಊದಿನಕಡ್ಡಿಗೆ ಹೊಗೆ ಸೆನ್ಸರ್ ಅರಚಿಕೊಳ್ಳುತ್ತದೆ. ಆದರೆ ಅವತ್ತು ಬೆಳಗ್ಗೆ ಬೇಗ ಬಂದರೆ ನೋಡಬೇಕು: ಹೊರಗಿನ ಮೇಜಿನ ಮೇಲೆ ಸ್ಕ್ರೂಡ್ರೈವರ್‌ಗಳನ್ನು ಅಳತೆಯ ಪ್ರಕಾರ ಸಾಲಾಗಿಟ್ಟು, ಪ್ರತಿಯೊಂದಕ್ಕೂ ಬೊಟ್ಟಿಟ್ಟು, ಸೇವಂತಿಗೆ ಇಟ್ಟು ಕೈಮುಗಿಯುತ್ತಿರುತ್ತಾರೆ.

ಸೋಮವಾರ ಮ್ಯಾನೇಜರ್ ಎಲ್ಲರಿಗೂ ಮೇಲ್ ಕಳಿಸಿದರು. ಡೇಟಾಬೇಸ್ ಈಗ ವೇಗವಾಗಿದೆ ಎಂದು ನನ್ನನ್ನು ಹೊಗಳಿದ್ದರು. ರಾಯರ ಹೆಸರಿರಲಿಲ್ಲ. ಏನೂ ಕೆಡಲಿಲ್ಲವಲ್ಲ, ಏನೆಂದು ಬರೆಯುವುದು? ಸಂಬಳದ ಸರ್ವರ್ ಆರಿಹೋಗಿದ್ದರೆ ಅವರ ಹೆಸರು ಖಂಡಿತ ಬರುತ್ತಿತ್ತು. ನಾನೇ ರಾಯರ ಬಗ್ಗೆ ಎರಡು ಸಾಲು ಬರೆದು ಕಳಿಸಿದೆ. ಅವರ ಉತ್ತರ ಬಂತು: "ರಿಸ್ಟೋರ್ ಪರೀಕ್ಷೆ ಇನ್ನೂ ಬಾಕಿ ಇದೆ."

2016ರಲ್ಲಿ ಅಮೆಜಾನಿನ ಕ್ಲೌಡ್ ಮುಂಬೈಗೆ ಬಂದ ಮೇಲೆ ನಮ್ಮಂಥ ಕಂಪನಿಗಳ ರ‍್ಯಾಕುಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಈಗಿನ ಹುಡುಗರು ಪ್ರೊಸೆಸರ್ ಬೇಕೆಂದರೆ ಪಟ್ಟಿಯಲ್ಲಿ ದೊಡ್ಡದೊಂದನ್ನು ಆರಿಸಿ ಗುಂಡಿ ಒತ್ತುತ್ತಾರೆ. ಆ ಮುಂಬೈಯ ಕಟ್ಟಡದಲ್ಲೂ ಯಾರೋ ಒಬ್ಬರು ನಡುರಾತ್ರಿ ವೈರು ಕೀಳುತ್ತಿರುತ್ತಾರೆ ಎಂಬುದು ಅವರಿಗೆ ತಿಳಿಯದು, ಮೊನ್ನೆಮೊನ್ನೆಯವರೆಗೆ ನನಗೂ ತಿಳಿದಿರಲಿಲ್ಲ. ನಮ್ಮ ರಾಯರ ನಿವೃತ್ತಿಗೆ ಇನ್ನು ಹೆಚ್ಚು ಕಾಲವಿಲ್ಲ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ.

ನಿಮ್ಮ ಆಫೀಸಿನಲ್ಲಿ ಇಂಥವರೊಬ್ಬರು ಇನ್ನೂ ಉಳಿದಿದ್ದು, ಶನಿವಾರ ರಾತ್ರಿ ಜೊತೆಗೆ ಬನ್ನಿ ಎಂದು ಕರೆದರೆ ಹೋಗಿಬನ್ನಿ. ಹತ್ತಿಯ ಅಂಗಿ ತೊಡಿ, ಹೊಟ್ಟೆ ತುಂಬ ಉಂಡಿರಿ, ಫೋನು ಪೂರ್ತಿ ಚಾರ್ಜ್ ಆಗಿರಲಿ. ಎಂ ಎಂದರೆ ಮಂಡ್ಯ. ಮೈಸೂರು ಅಂದರೆ ಮತ್ತೆ ಮೊದಲಿನಿಂದ ಓದಿಸುತ್ತಾರೆ.