ಸೊಸೇನ 'ವಿಶೇಷ ಇದೆಯಾ' ಅಂತ ಕೇಳ್ಬೇಡಿ ಅಕ್ಕಾ

ಅಕ್ಕಾ, ಕಾಂಪೌಂಡ್ ಪಕ್ಕ ನಿಂತೇ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಇಂದಿರಾನಗರದಲ್ಲಿರೋ ಮಗ-ಸೊಸೆ ಮಕ್ಕಳೇ ಬೇಡ ಅಂದ್ರು ಅಂತ ಹಲಸೂರು ಸೋಮೇಶ್ವರನಿಗೆ ಹರಕೆ ಹೊತ್ತಿದ್ದೀರಂತೆ. ಹೊರಿ, ಇಬ್ಬರೂ ಚೆನ್ನಾಗಿರಲಿ ಅಂತ ಹೊರಿ. ಅವರ ಮನಸ್ಸು ತಿರುಗಲಿ ಅಂತ ಬೇಡ.

ಪಿತೃಋಣ ತೀರಬೇಕಲ್ಲ ಅಂತೀರಿ. ಶಾಸ್ತ್ರದಲ್ಲಿ ಆ ಮಾತಿದೆ, ಒಪ್ತೀನಿ. ಆದ್ರೆ ಮಕ್ಕಳಿಲ್ಲದ ಭೀಷ್ಮನಿಗೆ ಭೀಷ್ಮಾಷ್ಟಮಿ ದಿನ ಸಂಬಂಧವೇ ಇಲ್ಲದವರು ತರ್ಪಣ ಬಿಡೋ ಪದ್ಧತೀನೂ ನಮ್ಮಲ್ಲೇ ಇದೆ. ಶಿವಾಜಿನಗರದ ಸೇಂಟ್ ಮೇರೀಸ್ ಹಬ್ಬಕ್ಕೆ ಸೆಪ್ಟೆಂಬರ್ 8ಕ್ಕೆ ಎಲ್ಲ ಜಾತಿಯೋರೂ ಹೋಗ್ತಾರಲ್ಲ, ಆ ಕ್ಯಾಥೊಲಿಕ್ ಸಭೆ ಇನ್ನೂ ಬಿಗಿ. ಕೃತಕ ಗರ್ಭನಿರೋಧ ಕೂಡದು ಅಂತ 1968ರಲ್ಲಿ ಪೋಪ್ ಆರನೇ ಪಾಲ್ ಸಾರಿದ್ರು. ಅದೇ ಸಭೆ ಪಾದ್ರಿಗಳು, ಸಿಸ್ಟರ್‌ಗಳು ಮಕ್ಕಳಿಲ್ಲದೆ ಬದುಕೋದನ್ನ ದೊಡ್ಡ ಸೇವೆ ಅಂತ ಗೌರವಿಸುತ್ತೆ. ಮುಸ್ಲಿಮರಲ್ಲೂ ಮಕ್ಕಳು ಅಲ್ಲಾಹನ ಕೊಡುಗೆ. ಆದ್ರೂ ಹೆಂಡತಿ ಒಪ್ಪಿದ್ರೆ ಸದ್ಯಕ್ಕೆ ಗರ್ಭ ತಡೀಬಹುದು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಶಾಶ್ವತ ಆಪರೇಷನ್ ಮಾತ್ರ ಹೆಚ್ಚಿನವರಿಗೆ ಒಪ್ಪಿಗೆಯಿಲ್ಲ.

ಮಕ್ಕಳು ಬೇಡ, ಇಲ್ಲಾ ಕಮ್ಮಿ ಸಾಕು ಅನ್ನೋದು ಈಗಿನ ಹುಡುಗರು ತಂದ ಕಾಯಿಲೆಯೂ ಅಲ್ಲ ಅಕ್ಕಾ. 1930ರಲ್ಲೇ ನಮ್ಮ ಮೈಸೂರು ಸಂಸ್ಥಾನ ಗರ್ಭನಿರೋಧಕ್ಕೆ ಸರ್ಕಾರಿ ಕ್ಲಿನಿಕ್ ತೆರೆಯೋಕೆ ಮುಂದಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಇರೋಕೆ 2.1 ಬೇಕು.

ಆರೋಗ್ಯದ ಮಾತು ಬೇರೆ, ಅದನ್ನ ಸೊಸೆಗೆ ಪ್ರೀತಿಯಿಂದ ಹೇಳಿ. ಹೆರದವರಿಗೆ ಸ್ತನ, ಅಂಡಾಶಯ, ಗರ್ಭಕೋಶದ ಕ್ಯಾನ್ಸರ್ ಅಪಾಯ ಸ್ವಲ್ಪ ಜಾಸ್ತಿ. ಅದಕ್ಕೆ ಆಗಾಗ ಡಾಕ್ಟರ್ ಹತ್ರ ತೋರಿಸ್ಕೋಬೇಕು. ಹಾಗಂತ ಹೆರಿಗೆಯೇನೂ ಔಷಧಿಯಲ್ಲ. ಬಸಿರಲ್ಲಿ ಬಿಪಿ, ಶುಗರ್, ಹೆರಿಗೇಲಿ ರಕ್ತಸ್ರಾವ, ಎಲ್ಲ ಅವಳ ಮೈಮೇಲೇ. ಮೂವತ್ತೈದು ದಾಟಿದ್ರೆ ಗರ್ಭ ನಿಲ್ಲೋ ಸಾಧ್ಯತೆ ಬೇಗ ಬೇಗ ಕಮ್ಮಿಯಾಗುತ್ತೆ ಅನ್ನೋದನ್ನೂ ಅವರು ತಿಳ್ಕೊಂಡೇ ತೀರ್ಮಾನ ಮಾಡ್ಲಿ.

ನಿಮ್ಮ ಮಗನಿಗೂ ಒಂದು ಮಾತಿದೆ. ಶಾಶ್ವತವಾಗಿ ಬೇಡ ಅಂತಾದ್ರೆ ಗಂಡಸರ ಆಪರೇಷನ್ನೇ ಸುಲಭ, ಅಪಾಯವೂ ಕಮ್ಮಿ. ಆದ್ರೆ ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಮಾಡಿಸ್ಕೊಂಡಿದ್ದಾರೆ, ಗಂಡಸರು ಲೆಕ್ಕಕ್ಕೇ ಸಿಗಲ್ಲ. ಇದು ಅನ್ಯಾಯ. ನಿರ್ಧಾರ ಇಬ್ಬರದ್ದಾದ್ರೆ ಭಾರವನ್ನೂ ಇಬ್ಬರೂ ಹೊರಬೇಕು.

ವಯಸ್ಸಾದ್ಮೇಲೆ ಅವರನ್ನ ಯಾರು ನೋಡ್ಕೋತಾರೆ ಅನ್ನೋ ನಿಮ್ಮ ಚಿಂತೆ ನ್ಯಾಯವಾದದ್ದು. ಅದನ್ನ ಮುಚ್ಚಿಡದೆ ಮಾತಾಡಿ. ದುಡ್ಡು, ವಿಮೆ, ಆಪತ್ತಿಗಾಗೋ ನೆಂಟರು, ಎಲ್ಲ ಈಗಲೇ ಯೋಚಿಸ್ಲಿ. ಆದ್ರೆ ಹಬ್ಬಕ್ಕೆ ಬಂದ ಹುಡುಗೀನ ನಾಲ್ಕು ಜನರ ಮುಂದೆ "ಏನಮ್ಮಾ, ವಿಶೇಷ ಇದೆಯಾ?" ಅಂತ ಮಾತ್ರ ಕೇಳ್ಬೇಡಿ. ಬೇರೆಯವರು ಕೇಳಿದ್ರೂ ನೀವೇ ತಡೀರಿ ಅಕ್ಕಾ.