ಕಾರಿಲ್ಲದವರ ಉತ್ತರ ಇಂಗ್ಲೆಂಡ್

ಕಾರಿಲ್ಲದೆ ಉತ್ತರ ಇಂಗ್ಲೆಂಡ್ ಸುತ್ತಲು ಹೊರಟವರು ಊರಿನ ಚೆಂದಕ್ಕಿಂತ ಮುಂಚೆ ಸ್ಟೇಷನ್ ಎಲ್ಲಿದೆ ಅಂತ ನೋಡಬೇಕು. ಯಾರ್ಕ್ ಸಲೀಸು: ರೈಲಿಳಿದರೆ ಎದುರಿಗೇ ಕೋಟೆಗೋಡೆ, ಪಕ್ಕದಲ್ಲೇ ರೈಲ್ವೆ ಮ್ಯೂಸಿಯಂ, ಅದೂ ಪುಕ್ಕಟೆ. ಡರಮ್‌ನಲ್ಲಂತೂ ಕಥೀಡ್ರಲ್ ರೈಲಿನ ಕಿಟಕಿಯಲ್ಲೇ ದರ್ಶನ ಕೊಡುತ್ತದೆ. ಜಿಪುಣರು ಇಳಿಯದೆಯೂ ಪುಣ್ಯ ಕಟ್ಟಿಕೊಳ್ಳಬಹುದು.

ನಾಮ ಹಾಕುವುದು ವಿಂಡರ್‌ಮಿಯರ್. ಸ್ಟೇಷನ್ನಿಗೆ ಸರೋವರದ ಹೆಸರು, ನೀರು ಮಾತ್ರ ಸುಮಾರು ಒಂದೂವರೆ ಮೈಲಿ ಕೆಳಗೆ, ಬೋನೆಸ್‌ನಲ್ಲಿ. ಹೋಗುವಾಗ ಇಳಿಜಾರು, ಭಾರೀ ಹುರುಪು. ಬರುವಾಗ ಏದುಸಿರು, ಬಸ್ಸಿನ ಧ್ಯಾನ.

ವಿಟ್ಬಿಗೆ ದಿನಕ್ಕೆ ಬೆರಳೆಣಿಕೆಯ ರೈಲು, ಮಿಡಲ್ಸ್‌ಬರೋದಿಂದ ತೆವಳುತ್ತಾ ಬರುತ್ತವೆ. ಗುಡ್ಡ ಹತ್ತಲು 199 ಮೆಟ್ಟಿಲು ಬೇರೆ. ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಅಲ್ಲಿಗೆ ಹಡಗಿನಲ್ಲಿ ಬಂದದ್ದು ಸುಮ್ಮನೆ ಅಲ್ಲ; ಟೈಮ್‌ಟೇಬಲ್ ನೋಡಿಯೇ ಇರಬೇಕು.