ಸೌಂಡ್ ಬರ್ತಿಲ್ಲ: ಮನೆಬಳಕೆಯ ಕೈಪಿಡಿ

ಈ ಕೈಪಿಡಿ ಯಾರಿಗೆ

ಕಂಪ್ಯೂಟರಿನಲ್ಲಿ ಆಕಾಶವಾಣಿಯ ಪುಟ ತೆರೆದಿದೆ, ಪ್ಲೇ ಗುಂಡಿ ಒತ್ತಿಯಾಗಿದೆ, ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿವೆ, ಆದರೆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇಲ್ಲ ಎನ್ನುವವರಿಗೆ. ವಿಂಡೋಸ್ ಇರುವ ಒಂದು ಕಂಪ್ಯೂಟರ್, ಒಂದು ಬ್ರೌಸರ್, ಒಂದು ಜೊತೆ ಸ್ಪೀಕರ್ ಮತ್ತು ವಾರ್ತೆಯ ಹೊತ್ತಿಗೆ ಸರಿಯಾಗಿ ಕುರ್ಚಿ ಎಳೆದುಕೊಳ್ಳುವ ಒಬ್ಬ ತಾತ ಇರುವ ಮನೆಗೆ ಇದು ಅನ್ವಯಿಸುತ್ತದೆ. ತಾತ ಇಲ್ಲದ ಮನೆಯಲ್ಲಿ ಸೌಂಡ್ ಹೋದದ್ದು ವಾರಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲವಾದ್ದರಿಂದ ಅಲ್ಲಿ ಕೈಪಿಡಿಯ ಅಗತ್ಯವಿಲ್ಲ.

ಬೇಕಾಗುವ ಸಾಮಗ್ರಿ

ಮೌಸ್ 1. ಟಾರ್ಚ್ 1. ಖಾಲಿ ಚೀಟಿ 1, ಅಂಟು ಸ್ವಲ್ಪ. ಮೇಜಿನ ಕೆಳಗೆ ನುಸುಳಲು ಮಂಡಿನೋವಿಲ್ಲದ ವ್ಯಕ್ತಿ 1.

ಮೊದಲು ತಿಳಿದಿರಬೇಕಾದ ತತ್ತ್ವ

ಹಳೆಯ ಟ್ರಾನ್ಸಿಸ್ಟರಿಗೆ ಸದ್ದಿನ ಗುಂಡಿ ಒಂದೇ. ತಿರುಗಿಸಿದರೆ ಟಿಕ್ ಎಂದು ಆನ್ ಆಗುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಜೋರಾಗುತ್ತಿತ್ತು. ಸದ್ದು ಬರದಿದ್ದರೆ ಸೆಲ್ ಮುಗಿದಿದೆ ಎಂದು ಅರ್ಥ. ಮನೆಮಂದಿಗೆಲ್ಲ ಈ ವಿದ್ಯೆ ಗೊತ್ತಿತ್ತು.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದಾಗ, ದನಿ ಗಾಳಿಯಲ್ಲಿ ಹಾದು ಕೇಳುಗರ ಮನೆ ತಲುಪುವುದೇ ದೊಡ್ಡ ಸಾಹಸ. ಈಗ ಆ ಕಷ್ಟವಿಲ್ಲ. ದನಿ ಸಮುದ್ರದ ತಳದ ಕೇಬಲ್ಲಿನಲ್ಲಿ ಬಂದರೂ ಸುಖವಾಗಿಯೇ ಮನೆ ಮುಟ್ಟುತ್ತದೆ. ದಾರಿ ತಪ್ಪುವುದು ಮನೆಯೊಳಗೆ ಬಂದ ಮೇಲೆ, ಕೊನೆಯ ಒಂದು ಮೀಟರಿನಲ್ಲಿ.

ಆ ಒಂದು ಮೀಟರಿನಲ್ಲಿ ಐದು ಗುಂಡಿಗಳಿವೆ. ಪುಟದಲ್ಲಿರುವ ಪ್ಲೇಯರಿನದು ಒಂದು. ಬ್ರೌಸರ್ ಟ್ಯಾಬಿನದು ಒಂದು. ವಾಲ್ಯೂಮ್ ಮಿಕ್ಸರಿನಲ್ಲಿ ಬ್ರೌಸರಿನ ಪಾಲಿಗೆ ಒಂದು (ವಿಸ್ತಾ ಕಾಲದಿಂದ ವಿಂಡೋಸ್ ಪ್ರತಿ ಪ್ರೋಗ್ರಾಮಿಗೂ ಬೇರೆ ಬೇರೆ ವಾಲ್ಯೂಮ್ ಕೊಟ್ಟಿದೆ). ಇಡೀ ಕಂಪ್ಯೂಟರಿಗೆ ಒಂದು. ಕೊನೆಗೆ ಸ್ಪೀಕರಿನ ಮೈಮೇಲೆ ಒಂದು. ಇವು ಕೂಡುವ ಲೆಕ್ಕದವಲ್ಲ, ಗುಣಿಸುವ ಲೆಕ್ಕದವು. ನಾಲ್ಕು ಕಡೆ ನೂರಿದ್ದು ಐದನೆಯ ಕಡೆ ಸೊನ್ನೆಯಿದ್ದರೆ ಉತ್ತರ ಸೊನ್ನೆ. ಸದ್ದು ಬರಬೇಕಾದರೆ ಐವರೂ ಒಪ್ಪಬೇಕು. ಬಾರದಿರಲು ಒಬ್ಬರು ಸಾಕು. ಆ ಸೊನ್ನೆಯ ಹಿಂದೆ ಯಾವಾಗಲೂ ಒಂದು ಸದುದ್ದೇಶವಿರುತ್ತದೆ: ಮೊಮ್ಮಗಳ ಆನ್‌ಲೈನ್ ಪರೀಕ್ಷೆ, ಯಾರದೋ ಮೀಟಿಂಗ್, ಮಧ್ಯಾಹ್ನ ಮಲಗಿದ್ದ ಅಜ್ಜಿ. ಆದ್ದರಿಂದ ಅಪರಾಧಿಯನ್ನು ಹುಡುಕಬೇಡಿ, ಸೊನ್ನೆಯನ್ನು ಹುಡುಕಿ.

ಹಂತ 1: ಬೇರೇನಾದರೂ ಕೇಳಿ ನೋಡಿ

ಇನ್ನೊಂದು ಟ್ಯಾಬಿನಲ್ಲಿ ಯಾವುದಾದರೂ ವಿಡಿಯೋ ಹಾಕಿ. ಅದಕ್ಕೆ ಸದ್ದಿದ್ದರೆ ಕಂಪ್ಯೂಟರ್ ನಿರ್ದೋಷಿ. ಪುಟದ ಪ್ಲೇಯರ್, ಟ್ಯಾಬ್ ಮ್ಯೂಟ್ ಆಗಿವೆಯೇ ಎಂದು ಮಾತ್ರ ಹಂತ 2ರಲ್ಲಿ ನೋಡಿ ನೇರ ಹಂತ 4ಕ್ಕೆ ಹೋಗಿ. ಅದಕ್ಕೂ ಸದ್ದಿಲ್ಲದಿದ್ದರೆ ಹಂತ 2.

ಈ ವೇಳೆಗೆ ತಾತ “ಕರೆಂಟ್ ಇದೆಯೇನೋ ನೋಡೋ” ಎನ್ನುತ್ತಾರೆ. ನಗಬೇಡಿ. ಸ್ಪೀಕರಿನ ಪ್ಲಗ್ ಕಿತ್ತು ಆ ಜಾಗದಲ್ಲಿ ಮೊಬೈಲ್ ಚಾರ್ಜರ್ ಸಿಕ್ಕಿಸುವುದು ಮನೆಮನೆಯ ಪದ್ಧತಿ. ಹೋಗಿ ನೋಡಿ.

ಹಂತ 2: ಐದು ಗುಂಡಿಗಳ ಪ್ರದಕ್ಷಿಣೆ

ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರ್ ಚಿತ್ರದ ಪಕ್ಕ ಅಡ್ಡಗೆರೆ ಅಥವಾ ಗುಣಿಸು ಗುರುತಿದ್ದರೆ ಮ್ಯೂಟ್ ಎಂದರ್ಥ. ಕೀಬೋರ್ಡಿನ ಮ್ಯೂಟ್ ಕೀಯನ್ನು ಯಾರೋ ದೂಳು ಒರೆಸುವಾಗ ಒತ್ತಿರುತ್ತಾರೆ. ಅದು ಸರಿಯಿದ್ದರೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಗಮನಿಸಿ: ಏನನ್ನಾದರೂ ನುಡಿಸುತ್ತಿರುವ ಪ್ರೋಗ್ರಾಮಿಗೆ ಮಾತ್ರ ಅಲ್ಲಿ ಹಾಜರಿ. ಆದ್ದರಿಂದ ರೇಡಿಯೋ ಪುಟವನ್ನು ನಿಲ್ಲಿಸಿ ಮಿಕ್ಸರಿನಲ್ಲಿ ಬ್ರೌಸರನ್ನು ಹುಡುಕಿದರೆ ಸಿಗುವುದಿಲ್ಲ.

ಇನ್ನು ಟ್ಯಾಬ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿದಾಗ ‘ಅನ್‌ಮ್ಯೂಟ್ ಸೈಟ್’ ಎಂದು ಕಂಡರೆ ಕಳ್ಳ ಸಿಕ್ಕ. ಕ್ರೋಮ್ 2018ರಿಂದ ಟ್ಯಾಬನ್ನಲ್ಲ, ಇಡೀ ಸೈಟನ್ನೇ ಮ್ಯೂಟ್ ಮಾಡುತ್ತದೆ. ಯಾರೋ ಒಮ್ಮೆ ಬಾಯಿ ಮುಚ್ಚಿಸಿದ್ದನ್ನು ಮರುದಿನವೂ ನೆನಪಿಟ್ಟುಕೊಂಡಿರುತ್ತದೆ. ಉಳಿದೆರಡು, ಪುಟದ ಪ್ಲೇಯರಿನ ಗುಂಡಿ ಮತ್ತು ಸ್ಪೀಕರಿನ ಗುಂಡಿ, ಸೊನ್ನೆಯಲ್ಲಿವೆಯೇ ಎಂದೂ ನೋಡಿ.

ಟ್ಯಾಬಿನ ಮೇಲೆ ಪುಟ್ಟ ಸ್ಪೀಕರಿನ ಗುರುತು ಮೂಡಿದೆಯೇ ನೋಡಿ. ಮೂಡಿದ್ದರೆ ಬ್ರೌಸರ್ ತನ್ನ ಕೆಲಸ ಮಾಡುತ್ತಿದೆ ಎಂದಾಯಿತು. ವಾರ್ತೆ ಈಗಾಗಲೇ ಓದಲಾಗುತ್ತಿದೆ. ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಹಂತ 3: ಎಲ್ಲಿ ಎಂಬ ಪ್ರಶ್ನೆ

ಸೌಂಡ್ ಸೆಟ್ಟಿಂಗ್ಸಿನಲ್ಲಿ ಔಟ್‌ಪುಟ್ ಪಟ್ಟಿ ತೆರೆಯಿರಿ. ಒಂದೇ ಜೊತೆ ಸ್ಪೀಕರ್ ಇರುವ ಮನೆಯಲ್ಲೂ ಅಲ್ಲಿ ಮೂರು ನಾಲ್ಕು ಹೆಸರುಗಳಿರುತ್ತವೆ.

(ಅ) ಮಾನಿಟರ್. ಎಚ್‌ಡಿಎಂಐ ತಂತಿ ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತದೆ. ಹೊಸ ಮಾನಿಟರ್ ಸಿಕ್ಕಿಸಿದಾಗ ವಿಂಡೋಸ್ ಎಷ್ಟೋ ಸಲ ಸದ್ದನ್ನು ಅದರ ಕಡೆಗೇ ತಿರುಗಿಸಿಬಿಡುತ್ತದೆ. ಮಾನಿಟರಿಗೆ ಸ್ಪೀಕರೇ ಇಲ್ಲದೆ ಹೆಡ್‌ಫೋನಿನ ತೂತು ಮಾತ್ರ ಇದ್ದರೂ ಸರಿಯೇ.

(ಆ) ಬ್ಲೂಟೂತ್ ಇಯರ್‌ಫೋನ್. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲವಾದರೆ ಅದು ಪಕ್ಕದ ಕೋಣೆಯ ಬೀರುವಿನೊಳಗೆ ಎಚ್ಚರವಾಗಿಯೇ ಇರುತ್ತದೆ. ಮಡಿಸಿಟ್ಟ ಸೀರೆಗಳು ಆ ದಿನದ ವಾರ್ತೆಯನ್ನು ಪೂರ್ತಿ ಕೇಳಿರುತ್ತವೆ.

(ಇ) ಸ್ಪೀಕರ್. ಇದನ್ನು ಆಯ್ಕೆ ಮಾಡಿ. ಆದರೂ ಸದ್ದಿಲ್ಲವೇ? ಮಂಡಿನೋವಿಲ್ಲದ ವ್ಯಕ್ತಿಯನ್ನು ಟಾರ್ಚಿನೊಂದಿಗೆ ಮೇಜಿನ ಕೆಳಗೆ ಕಳಿಸಿ. ಸಿಪಿಯು ಹಿಂಬದಿಯಲ್ಲಿ ಮೂರು ಬಣ್ಣದ ತೂತುಗಳಿವೆ. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ‘ಪಿಸಿ 99’ ನಿಯಮದ ಪ್ರಕಾರ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನಿಂದ ಸದ್ದು ಒಳಗೆ ಬರಲಿಕ್ಕೆ. ದೂಳು ಹಿಡಿದ ಮೇಲೆ ಹಸಿರು, ನೀಲಿ ಎರಡೂ ಒಂದೇ. ಅನುಮಾನವಿದ್ದರೆ ಒರೆಸಿ ನೋಡಿ.

ಹೆಡ್‌ಫೋನ್ ಬಳಸುವವರಿಗೆ ವಿಶೇಷ ಸೂಚನೆ: ಪಿನ್ ಪೂರ್ತಿ ಕೂರಬೇಕು. ಪಿನ್ನಿನ ಮೇಲಿನ ಗೀರುಗಳು ಅದನ್ನು ಎಡದ ಸದ್ದು, ಬಲದ ಸದ್ದು, ಎರಡಕ್ಕೂ ಸೇರಿದ ಗ್ರೌಂಡ್ ಎಂದು ಪಾಲು ಮಾಡಿರುತ್ತವೆ. ಅರ್ಧಂಬರ್ಧ ಕೂತು ಗ್ರೌಂಡ್ ತಪ್ಪಿತೆಂದರೆ ಕಿವಿಗೆ ಬೀಳುವುದು ಎಡಬಲಗಳ ವ್ಯತ್ಯಾಸ ಮಾತ್ರ. ಸ್ಟೀರಿಯೊ ಮುದ್ರಣದಲ್ಲಿ ಗಾಯಕರನ್ನು ಸಾಮಾನ್ಯವಾಗಿ ನಟ್ಟನಡುವೆ, ಎಂದರೆ ಎರಡೂ ಕಡೆ ಸಮವಾಗಿ, ಕೂರಿಸಿರುತ್ತಾರೆ. ಸಮದಲ್ಲಿ ಸಮ ಕಳೆದರೆ ಉಳಿಯುವುದೇನು? ಗಾಯಕರು ಮಾಯವಾಗಿ, ಪಕ್ಕಕ್ಕೆ ಕೂತ ಪಿಟೀಲು ಮಾತ್ರ ಎಲ್ಲೋ ದೂರದಲ್ಲಿ ಕೇಳುತ್ತದೆ. “ಇವತ್ತೇನೋ ಪಕ್ಕವಾದ್ಯದವರದೇ ಕಚೇರಿ” ಎಂದು ತಾತ ಅಂದರೆ ಪಿನ್ ಒತ್ತಿ. ವಾರ್ತೆಯಲ್ಲಾದರೋ ಎರಡೂ ಕಡೆ ಒಂದೇ ದನಿ. ಅಲ್ಲಿ ವಾರ್ತೆ ಓದುವವರ ಸಮೇತ ಎಲ್ಲವೂ ಸೊನ್ನೆ.

ಹಂತ 4: ಉಳಿದದ್ದಕ್ಕೆಲ್ಲ ಸದ್ದಿದೆ, ರೇಡಿಯೋಗೆ ಮಾತ್ರ ಇಲ್ಲ

ಒಂದನೆಯ ಕಾರಣ, ಪುಟ ತೆರೆದೊಡನೆ ತಾನೇ ಶುರುವಾಗುವಂಥದ್ದಾದರೆ: ನೀವು ಪುಟವನ್ನು ಮುಟ್ಟಿಲ್ಲ. ತೆರೆದ ತಕ್ಷಣ ಜಾಹೀರಾತುಗಳು ಕಿರುಚುವುದನ್ನು ತಡೆಯಲು ಕ್ರೋಮ್ 2018ರಲ್ಲಿ ಒಂದು ನಿಯಮ ತಂದಿತು. ಬಳಸುವವರು ಪುಟದ ಮೇಲೆ ಕ್ಲಿಕ್ ಮಾಡುವವರೆಗೆ ಸಾಮಾನ್ಯವಾಗಿ ಅದು ಸದ್ದು ಮಾಡುವಂತಿಲ್ಲ. ಜಾಹೀರಾತಿಗೆ ಹಾಕಿದ ಬೇಲಿಯಲ್ಲಿ ರೇಡಿಯೋ ಕೂಡ ಸಿಕ್ಕಿಕೊಂಡಿದೆ. ಒಮ್ಮೆ ನಿಲ್ಲಿಸಿ, ಮತ್ತೆ ಪ್ಲೇ ಒತ್ತಿ.

ಎರಡನೆಯದು: ಅವಸರ. ನೇರಪ್ರಸಾರ ಸ್ವಲ್ಪ ಶೇಖರವಾದ ಮೇಲೆಯೇ ನುಡಿಯಲು ಶುರುಮಾಡುತ್ತದೆ. ಅಷ್ಟರಲ್ಲಿ ಮತ್ತೆ ಮತ್ತೆ ಒತ್ತಿದರೆ ಪ್ರತಿ ಸಲವೂ ಶೇಖರಣೆ ಮೊದಲಿನಿಂದ. ಎದುರುಮನೆಯ ಟ್ರಾನ್ಸಿಸ್ಟರ್ ಮುಖ್ಯಾಂಶ ಮುಗಿಸಿದಾಗ ನಿಮ್ಮಲ್ಲಿ ಇನ್ನೂ ಶುರುವಾಗಿರದಿದ್ದರೆ ಅದು ದೋಷವಲ್ಲ. ಇಂಟರ್‌ನೆಟ್ಟಿನಲ್ಲಿ ಬರುವ ರೇಡಿಯೋ ಗಾಳಿಯಲ್ಲಿ ಬರುವುದಕ್ಕಿಂತ ತಡವಾಗಿಯೇ ಬರುತ್ತದೆ.

ಮೂರನೆಯದು: ಹಳೆಯ ಪುಟ. ಪುಟದ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದು ಒಳಗಿನ ದನಿಯ ವಿಳಾಸ ಇನ್ನೂ ಕೊನೆಯ ಎಸ್ ಇಲ್ಲದ ಎಚ್‌ಟಿಟಿಪಿಯೇ ಆಗಿದ್ದರೆ ಈಗಿನ ಬ್ರೌಸರುಗಳು ಒಳಗೆ ಬಿಡುವುದಿಲ್ಲ. ದನಿಯ ವಿಳಾಸ ಗೊತ್ತಿದ್ದರೆ ವಿಎಲ್‌ಸಿ ಪ್ಲೇಯರಿನ ‘ಓಪನ್ ನೆಟ್‌ವರ್ಕ್ ಸ್ಟ್ರೀಮ್’ನಲ್ಲಿ ಹಾಕಿ, ಅದಕ್ಕೆ ಈ ಮಡಿಯಿಲ್ಲ. ಪುಟವು ಫ್ಲ್ಯಾಶ್ ಬೇಕು ಎಂದು ಕೇಳಿದರೆ ಕೈಮುಗಿದು ಹೊರಡಿ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ನಿವೃತ್ತಿಯಾಗಿದೆ.

ಹಂತ 5: ಮಗನಿಗೆ ಕರೆ

ಪುಣೆಯಲ್ಲೋ ಡಲ್ಲಾಸಿನಲ್ಲೋ ಇರುವ ಮಗನನ್ನು ಈ ಹಂತದಲ್ಲಿ ಕರೆಯುವುದು ವಾಡಿಕೆ. ಇದೇ ಕಂಪ್ಯೂಟರಿನಿಂದ ಮಾತ್ರ ಕರೆಯಬೇಡಿ. ಕರೆ ನಡೆಯುತ್ತಿರುವುದು ಗೊತ್ತಾದರೆ ಉಳಿದ ಸದ್ದುಗಳನ್ನೆಲ್ಲ ಶೇಕಡಾ 80ರಷ್ಟು ತಗ್ಗಿಸುವ ಏರ್ಪಾಟು ವಿಂಡೋಸಿನಲ್ಲಿದೆ. ಮಗ “ಈಗ ಬಂತಾಪ್ಪ?” ಎಂದು ಕೇಳುತ್ತಿರುವಷ್ಟು ಹೊತ್ತೂ, ಕೇಳುತ್ತಿದ್ದಾನೆ ಎಂಬ ಕಾರಣಕ್ಕೇ, ಬರುವುದಿಲ್ಲ. ಸೌಂಡ್ ಕಂಟ್ರೋಲ್ ಪ್ಯಾನೆಲಿನ ‘ಕಮ್ಯುನಿಕೇಶನ್ಸ್’ ವಿಭಾಗದಲ್ಲಿ ‘ಡು ನಥಿಂಗ್’ ಆರಿಸಿ. ಇಡೀ ಕೈಪಿಡಿಯಲ್ಲಿ ಏನೂ ಮಾಡಬೇಡ ಎಂದು ಆಜ್ಞಾಪಿಸಬಹುದಾದ ಜಾಗ ಇದೊಂದೇ.

ಹಂತ 6: ರೀಸ್ಟಾರ್ಟ್

‘ಸರ್ವಿಸಸ್’ ಪಟ್ಟಿಯಲ್ಲಿ ‘ವಿಂಡೋಸ್ ಆಡಿಯೊ’ ಹುಡುಕಿ ರೀಸ್ಟಾರ್ಟ್ ಮಾಡಿ. ಆಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಸೌಂಡ್ ಡ್ರೈವರ್ ತೆಗೆದುಹಾಕಿ ಇಡೀ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿ. ವಿಂಡೋಸ್ ಎದ್ದಾಗ ಡ್ರೈವರನ್ನು ಸಾಮಾನ್ಯವಾಗಿ ತಾನೇ ಹಾಕಿಕೊಳ್ಳುತ್ತದೆ.

“ಆಫ್ ಮಾಡಿ ಆನ್ ಮಾಡಿದ್ದೀನಲ್ಲ” ಎಂದು ತಾತ ವಾದಿಸುತ್ತಾರೆ. ವಾದ ಊರ್ಜಿತವಲ್ಲ. ಬೇಗ ಏಳಲಿ ಎಂದು ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಇರುವ ಕಂಪ್ಯೂಟರಿನಲ್ಲಿ ಶಟ್‌ಡೌನ್ ಎಂದರೆ ಪೂರ್ತಿ ನಿದ್ದೆಯಲ್ಲ. ಒಳಗಿನ ಸ್ಥಿತಿಯನ್ನು ಬಚ್ಚಿಟ್ಟುಕೊಂಡು ಮಲಗಿ, ಎದ್ದಾಗ ಹಳೆಯ ಮುನಿಸನ್ನೇ ಮುಂದುವರಿಸುತ್ತದೆ. ಎಲ್ಲ ಮರೆತು ಹೊಸದಾಗಿ ಏಳುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ.

ಹಂತ 7: ಸದ್ದು ಬಂದ ಮೇಲೆ

ಇಲ್ಲಿಯವರೆಗೆ ಬಂದವರು ಐದೂ ಗುಂಡಿಗಳನ್ನು ನೂರಕ್ಕೆ ಏರಿಸಿರುತ್ತಾರೆ. ಆದ್ದರಿಂದ ಸದ್ದು ಬಂದಾಗ ಇಡೀ ಬೀದಿಗೆ ಬರುತ್ತದೆ. “ಕಡಿಮೆ ಮಾಡೋ!” ಎಂಬ ಆದೇಶ ಹೊರಟೊಡನೆ ಕೈಗೆ ಸಿಕ್ಕ ಗುಂಡಿಯನ್ನು ಸೊನ್ನೆಗೆ ಇಳಿಸುವುದು ಸಹಜ. ಮುಂದಿನ ವಾರದ ಮೌನ ಹುಟ್ಟುವುದೇ ಆ ಗಳಿಗೆಯಲ್ಲಿ. ಹಾಗೆ ಮಾಡದೆ ಸ್ಪೀಕರಿನ ಗುಂಡಿಯೊಂದನ್ನೇ ಹಿತವಾಗುವಷ್ಟು ಇಳಿಸಿ, ಉಳಿದ ನಾಲ್ಕನ್ನು ಇದ್ದಲ್ಲೇ ಬಿಡಿ. ‘ಇದನ್ನು ಮಾತ್ರ ತಿರುಗಿಸಿ’ ಎಂದು ಚೀಟಿ ಬರೆದು ಸ್ಪೀಕರಿನ ಮೇಲೆ ಅಂಟಿಸಿ.

ಖಾತರಿ

ಚೀಟಿ ಅಂಟಿಕೊಂಡಿರುವವರೆಗೆ. ಚೀಟಿಯನ್ನು ಓದಿಯೂ ಟ್ಯಾಬ್ ಮ್ಯೂಟ್ ಮಾಡುವ ಮೊಮ್ಮಕ್ಕಳಿರುವ ಮನೆಗೆ ಖಾತರಿ ಅನ್ವಯಿಸುವುದಿಲ್ಲ.